ಡಬ್ಬದ ತುಂಬ ನೊಣ, ಟೋಪಿಯಲ್ಲಿ ಎರಡು

ನನಗೆ ಒಂದು ಕಡೆ ಕೂತಿರಲು ಬರುವುದಿಲ್ಲ. ಹೋಟೆಲಿನಲ್ಲಿ ಕೂತ ಮೇಲೆ ಪಕ್ಕದ ಬೆಂಚೇ ವಾಸಿ ಅನ್ನಿಸುತ್ತದೆ. ದೋಸೆ ಹೇಳಿದ ಮರುಕ್ಷಣ ಇನ್ನೊಬ್ಬರ ಇಡ್ಲಿಯ ಮೇಲಿನ ಹಬೆ ಕಣ್ಣಿಗೆ ಬೀಳುತ್ತದೆ. ಬಸ್ಸಿನಲ್ಲಿ ಕಿಟಕಿಯ ಪಕ್ಕ ಜಾಗ ಸಿಕ್ಕಿದರೆ ಬಿಸಿಲು ಆ ಕಡೆಯದೋ ಈ ಕಡೆಯದೋ ಎಂದು ಯೋಚಿಸುತ್ತ ಊರು ತಲುಪುತ್ತೇನೆ. ಇಂಥವನು ಗಾಳ ಹಾಕಿ ಮೀನು ಹಿಡಿಯುವ ಹವ್ಯಾಸಕ್ಕೆ ಬಿದ್ದನೆಂದರೆ ನೀವು ನಗುತ್ತೀರಿ. ನನ್ನ ಹೆಂಡತಿ ರಂಗಮ್ಮನೂ ನಕ್ಕಳು. ಗೌಡಗೆರೆ ಕಡೆಯ ಹೆಣ್ಣು, ನಕ್ಕರೆ ಹಿತ್ತಲಿಗೂ ಕೇಳಿಸುತ್ತದೆ.

ಆಗ ನಾನು ಮಲೇರಿಯಾ ಇನ್‌ಸ್ಪೆಕ್ಟರ್. ಐವತ್ತರ ದಶಕದ ಕೊನೆಯ ವರ್ಷಗಳು. ಊರೂರಿಗೆ ಹೋಗಿ ಮನೆಗಳ ಗೋಡೆಗೆ ಡಿಡಿಟಿ ಹೊಡೆಸುವುದು, ಜ್ವರದವರ ರಕ್ತವನ್ನು ಗಾಜಿನ ಪಟ್ಟಿಯ ಮೇಲೆ ತೆಗೆದುಕೊಳ್ಳುವುದು, ನಿಂತ ನೀರಿಗೆ ಬಗ್ಗಿ ಸೊಳ್ಳೆಮರಿ ಹುಡುಕುವುದು ನನ್ನ ಕೆಲಸ. ನಿಂತ ನೀರಿನ ಹತ್ತಿರ ಓಡಾಡುವವನಿಗೆ ಮೀನು ಕಾಣಿಸದೆ ಇರುತ್ತದೆಯೇ? ಒಮ್ಮೆ ಬೆಂಗಳೂರಿಗೆ ಹೋದಾಗ ದಂಡಿನ ಕಡೆಯ ಗುಜರಿ ಅಂಗಡಿಯೊಂದರಲ್ಲಿ ಒಂದು ತಗಡಿನ ಡಬ್ಬ ಸಿಕ್ಕಿತು. ಯಾರೋ ಇಂಗ್ಲಿಷ್ ದೊರೆ ಊರು ಬಿಡುವಾಗ ಹರಾಜಾದ ಸಾಮಾನು. ತೆರೆದರೆ ಒಳಗೆ ಪುಟ್ಟಪುಟ್ಟ ಗಾಳಗಳು. ಪ್ರತಿಯೊಂದಕ್ಕೂ ಹಕ್ಕಿಯ ಗರಿ, ರೇಷ್ಮೆ ಎಳೆ, ಜರಿಯ ಚೂರು ಸುತ್ತಿ ಹುಳದ ಹಾಗೆ ಮಾಡಿದ್ದರು. ನೀರಿನ ಮೇಲೆ ಎಸೆದರೆ ನೊಣವೆಂದು ಮೀನು ಹಾರಿ ಬಾಯಿ ಹಾಕಬೇಕು, ಅದು ಇದರ ಉಪಾಯ. ವಾರವೆಲ್ಲ ನಿಜವಾದ ಸೊಳ್ಳೆಯನ್ನು ಕೊಂದು ಭಾನುವಾರ ಸುಳ್ಳು ನೊಣವನ್ನು ಕಾಪಾಡುವ ನನ್ನ ಜೀವನ ಅಲ್ಲಿಂದ ಶುರುವಾಯಿತು.

ಆ ನೊಣಗಳಿಗೆ ಇಂಗ್ಲಿಷಿನಲ್ಲಿ ಏನು ಹೆಸರಿತ್ತೋ ತಿಳಿಯದು. ನಾನೇ ನಾಮಕರಣ ಮಾಡಿದೆ. ಕೆಂಪು ಗರಿ ಮೆರೆಸಿಕೊಂಡು ನಿಂತದ್ದು ಅಮಲ್ದಾರ. ಜರಿ ಸುತ್ತಿದ್ದು ಮದುವಣಗಿತ್ತಿ. ಬಡಕಲಾಗಿ, ಕಪ್ಪಾಗಿ, ಬಾಲ ಮಾತ್ರ ಬೂದಿ ಬಣ್ಣವಿದ್ದದ್ದು ಶಾನುಭೋಗ. ಸಾಲದೆಂದು ನಾನೂ ಕೈಯಾರೆ ಸುತ್ತಲು ಕಲಿತೆ. ಬುಕ್ಕಾಪಟ್ಟಣದ ಕುರಿಗಾಹಿಯೊಬ್ಬ ಕೊಟ್ಟ ಕರಿ ಉಣ್ಣೆಯಿಂದ ಒಂದು ದಪ್ಪನೆಯ ಹುಳ ಮಾಡಿ ಕಂಬಳಿ ಎಂದು ಕರೆದೆ. ಕೊರಟಗೆರೆಯಲ್ಲಿದ್ದಾಗ ಸಿದ್ದರಬೆಟ್ಟಕ್ಕೆ ದೇವರ ದರ್ಶನಕ್ಕೆಂದು ಹೋಗಿ, ದಾರಿಯಲ್ಲಿ ಬಿದ್ದಿದ್ದ ನವಿಲುಗರಿಯನ್ನು ಆರಿಸುತ್ತ ಹಿಂದೆ ಉಳಿದೆ. ರಂಗಮ್ಮ ಒಬ್ಬಳೇ ದರ್ಶನ ಮುಗಿಸಿ ಇಳಿದು ಬಂದಳು.

ಇಷ್ಟೆಲ್ಲ ಇದ್ದೂ ನಾನು ದಾರಕ್ಕೆ ಕಟ್ಟುತ್ತಿದ್ದದ್ದು ಎರಡನ್ನೇ. ಬಿಸಿಲಿದ್ದರೆ ಶಾನುಭೋಗ, ಮೋಡವಿದ್ದರೆ ಕಂಬಳಿ. ಅವೆರಡು ನನ್ನ ಟೋಪಿಯ ಅಂಚಿನಲ್ಲಿ ಚುಚ್ಚಿಕೊಂಡೇ ಇರುತ್ತಿದ್ದವು. ಕೆರೆಗೆ ಹೋದ ಕೂಡಲೆ ಡಬ್ಬ ತೆರೆಯುತ್ತಿದ್ದೆ. ಅಮಲ್ದಾರನನ್ನು ಎತ್ತಿ ನೋಡಿ ಇಡುತ್ತಿದ್ದೆ, ಮದುವಣಗಿತ್ತಿಯ ಜರಿ ಸರಿಪಡಿಸುತ್ತಿದ್ದೆ, ಒಂದೊಂದನ್ನೂ ವಿಚಾರಿಸಿಕೊಂಡು ಡಬ್ಬ ಮುಚ್ಚಿ, ಟೋಪಿಗೆ ಕೈ ಹಾಕುತ್ತಿದ್ದೆ.

ಇದು ಮೀನು ಹಿಡಿಯುವವರ ಹುಚ್ಚು ಮಾತ್ರ ಎಂದುಕೊಳ್ಳಬೇಡಿ. ನಮ್ಮ ಅಕ್ಷರಮಾಲೆಯನ್ನೇ ನೋಡಿ. ೠ ಎಂಬ ಅಕ್ಷರವನ್ನು ತಿದ್ದಿ ತಿದ್ದಿ ನನ್ನ ಬೆರಳು ಸವೆದಿತ್ತು. ಙ ಬರೆಯಲು ಬಾರದೆ ಕಿವಿ ಹಿಂಡಿಸಿಕೊಂಡಿದ್ದೆ. ಇಷ್ಟು ವರ್ಷ ವರದಿ ಬರೆದಿದ್ದೇನೆ, ಒಂದು ಸಲವೂ ಇವೆರಡರ ಹಂಗಿಗೆ ಬೀಳಲಿಲ್ಲ. ನನ್ನ ಅಜ್ಜಿ ದಿನವೂ ಸಹಸ್ರನಾಮ ಹೇಳುತ್ತಿದ್ದಳು. ಬಚ್ಚಲಲ್ಲಿ ಜಾರಿದಾಗ ಆ ಸಾವಿರದಲ್ಲಿ ಒಂದೂ ನೆನಪಾಗದೆ "ಅಯ್ಯೋ ರಂಗಪ್ಪ" ಎಂದಳು. ರಂಗಮ್ಮನ ಟ್ರಂಕಿನ ಸೀರೆಗಳ ವಿಷಯ ಎತ್ತಿದರೆ ನನ್ನ ಡಬ್ಬದ ಮಾತು ಬರುತ್ತದೆ, ಆದ್ದರಿಂದ ಎತ್ತುವುದಿಲ್ಲ.

ಸಿರಾಕ್ಕೆ ವರ್ಗವಾದಾಗ ನನಗೆ ಜೊತೆ ಸಿಕ್ಕವರು ದರ್ಜಿ ಇಬ್ರಾಹಿಂ ಸಾಹೇಬರು. ವಯಸ್ಸಿನಲ್ಲಿ ದೊಡ್ಡವರು. ಪೇಟೆಯಲ್ಲಿ ಕೋಟು, ಷರ್ಟು ಹೊಲಿಯುವ ಅಂಗಡಿ. ನನ್ನ ಡಬ್ಬವನ್ನು ಒಂದು ಸಲ ನೋಡಿದ್ದೇ ತಡ, ಕತ್ತರಿಸಿ ಉಳಿದ ದಾರ, ಕೋಳಿಪುಕ್ಕಗಳನ್ನೆಲ್ಲ ಗಾಳಕ್ಕೆ ಸುತ್ತತೊಡಗಿದರು. ಆರು ತಿಂಗಳಲ್ಲಿ ಅವರ ಸಿಗರೇಟು ಡಬ್ಬ ನನ್ನದಕ್ಕಿಂತ ಹೆಚ್ಚು ತುಂಬಿತು. ಬಳಸುತ್ತಿದ್ದದ್ದು ಮಾತ್ರ ಒಂದೇ, ಹಸಿರು ದಾರದ್ದು. ಮೀನು ಹಿಡಿಯುವುದರಲ್ಲಿ ಅವರು ನನಗಿಂತಲೂ ದಡ್ಡರಾದ್ದರಿಂದ ನಮ್ಮ ಸ್ನೇಹ ಗಟ್ಟಿಯಾಯಿತು.

ಒಂದು ವರ್ಷ ಮಳೆ ಚೆನ್ನಾಗಿ ಆಗಿ ಕಳ್ಳಂಬೆಳ್ಳದ ಕೆರೆ ಕೋಡಿ ಬಿತ್ತು. ಭಾನುವಾರ ಬೆಳಿಗ್ಗೆ ನಾವಿಬ್ಬರೂ ಬಸ್ಸಿಳಿದು ಕೋಡಿಯ ಹತ್ತಿರದ ಬಂಡೆಯ ಮೇಲೆ ಕೂತೆವು. ನಾನು ಎಂದಿನಂತೆ ಡಬ್ಬ ತೆರೆದು ನೋಡಿ, ಮುಚ್ಚಿ, ಪಕ್ಕದಲ್ಲಿಟ್ಟೆ. ಆಮೇಲೆ ಈ ಬಂಡೆಗಿಂತ ಆ ಬಂಡೆ ವಾಸಿ ಅನ್ನಿಸಿ ಏಳಲು ಹೋದೆ. ಕಾಲು ತಾಗಿ ಡಬ್ಬ ಜಾರಿ ನೀರಿಗೆ ಬಿತ್ತು. ಮುಳುಗಲಿಲ್ಲ. ತಗಡಲ್ಲವೇ, ದೋಣಿಯ ಹಾಗೆ ನೆಟ್ಟಗೆ ನಿಂತು, ಮೆಲ್ಲಗೆ ಕೋಡಿಯ ಕಡೆ ತಿರುಗಿತು.

ನನಗೆ ಈಜು ಬರುವುದಿಲ್ಲ. ಆ ಕ್ಷಣದಲ್ಲಿ ಅದು ನೆನಪಾಗಲಿಲ್ಲ. ಮೊಣಕಾಲುದ್ದ ನೀರಿರಬಹುದೆಂದು ಇಳಿದೆ. ನೀರು ಮೊಣಕಾಲುದ್ದವೇ ಇತ್ತು, ಅದರ ಕೆಳಗಿನ ಹೂಳು ಮಾತ್ರ ಎಷ್ಟಿತ್ತೋ ದೇವರಿಗೇ ಗೊತ್ತು. ಒಂದು ಕಾಲು ಕೀಳಲು ಹೋದರೆ ಇನ್ನೊಂದು ಇಳಿಯಿತು. ತೊಡೆ ಹೋಯಿತು, ಸೊಂಟ ಹೋಯಿತು, ನೀರು ಎದೆಗೆ ಬಂತು. ಕೋಡಿಯ ಸೆಳೆತ ಅಂಗಿಯನ್ನು ಹಿಡಿದು ಎಳೆಯುತ್ತಿತ್ತು. ಅಷ್ಟಾದರೂ ನನ್ನ ಕಣ್ಣು ಡಬ್ಬದ ಮೇಲೇ ಇತ್ತು.

"ಇನ್‌ಸ್ಪೆಕ್ಟರ್ ಸಾಬ್, ಡಬ್ಬ ಬುಡಿ, ಈ ಕಡೆ ನೋಡಿ" ಎಂದು ಸಾಹೇಬರು ತಮ್ಮ ಬಿದಿರು ಕೋಲು ಚಾಚಿದರು. ಹಿಡಿದೆ. ಕೋಲು ಲಟಕ್ಕೆಂದು ಮುರಿದು ತುದಿ ನನ್ನ ಕೈಯಲ್ಲಿ ಉಳಿಯಿತು. ಅವರಿಗೂ ಈಜು ಬರದು. ಅತ್ತಿತ್ತ ನೋಡಿದರು, ಏರಿಯ ಮೇಲೆ ಒಬ್ಬರೂ ಇರಲಿಲ್ಲ. ಆಮೇಲೆ ಆ ಹಿರಿಯರು, ಕಾಲರಿನ ಗುಂಡಿ ಬಿಚ್ಚಿದ್ದನ್ನು ಪೇಟೆಯಲ್ಲಿ ಯಾರೂ ಕಂಡಿರದ ಮನುಷ್ಯ, ಉಟ್ಟ ಲುಂಗಿ ಬಿಚ್ಚಿ, ಹಗ್ಗದ ಹಾಗೆ ಹೊಸೆದು, ಬಂಡೆಯ ಮೇಲೆ ಕೂತು ಕಾಲು ಊರಿ ನನ್ನತ್ತ ಎಸೆದರು.

"ಹಿಡ್ಕೊಳಿ. ಒದ್ದಾಡ್ಬೇಡಿ. ಸುಮ್ನೆ ಇರಿ, ನಿಮಗೆ ಬರಲ್ಲ ಅಂತ ಗೊತ್ತು, ಇವತ್ತೊಂದು ದಿನ ಸುಮ್ನೆ ಇರಿ."

ಸುಮ್ಮನಿದ್ದೆ. ಜೀವಮಾನದಲ್ಲಿ ಅಷ್ಟು ಸುಮ್ಮನೆ ಎಂದೂ ಇದ್ದಿರಲಿಲ್ಲ. ಅವರು ಎಳೆದರು, ಉಸಿರು ತೆಗೆದುಕೊಂಡರು, ಮತ್ತೆ ಎಳೆದರು. ಹೂಳು ಬಿಡಲೋ ಬೇಡವೋ ಎಂದು ಯೋಚಿಸಿ ಕೊನೆಗೆ ಬಿಟ್ಟಿತು. ನಾನು ಎಮ್ಮೆಯ ಹಾಗೆ ಬಂಡೆಯ ಮೇಲೆ ಬಂದು ಬಿದ್ದಾಗಲೇ ರಸ್ತೆಯಲ್ಲಿ ಸಿರಾ ಬಸ್ಸು ನಿಂತಿತು. ಕೆಸರಾದ ಇನ್‌ಸ್ಪೆಕ್ಟರನನ್ನೂ ಚಡ್ಡಿಯಲ್ಲಿ ನಿಂತ ದರ್ಜಿಯನ್ನೂ ಬಸ್ಸಿನ ಕಿಟಕಿಗಳೆಲ್ಲ ನೋಡಿದವು. ಕಂಡಕ್ಟರು ತಲೆ ಹೊರಗೆ ಹಾಕಿ, "ಸಿರಾಕ್ಕೆ ಬತ್ತೀರಾ?" ಎಂದ. ಸಾಹೇಬರು ಒದ್ದೆ ಲುಂಗಿ ಸುತ್ತಿಕೊಳ್ಳುತ್ತ, ಗಂಭೀರವಾಗಿ, "ಮುಂದಿನ ಬಸ್ಸಿಗೆ" ಎಂದರು.

ಡಬ್ಬ ಕೋಡಿ ದಾಟಿ ಹೋಗಿತ್ತು. ಹಳ್ಳದ ಗುಂಟ ಎಷ್ಟು ದೂರ ಹುಡುಕಿದರೂ ಸಿಗಲಿಲ್ಲ. ಟೋಪಿ ಮಾತ್ರ ಬಂಡೆಯ ಮೇಲೆ ಬಿದ್ದಿತ್ತು, ಅಂಚಿನಲ್ಲಿ ಶಾನುಭೋಗ ಮತ್ತು ಕಂಬಳಿ. ವಿಷಯ ಕೇಳಿದ ರಂಗಮ್ಮ ಮೊದಲು ಅತ್ತಳು, ಆಮೇಲೆ ಬೈದಳು, ಆಮೇಲೆ ಬಿಸಿನೀರು ಹಾಕುತ್ತ, "ಬೇಕಾದ್ದು ಎರಡೂ ಉಳ್ಕೊಂಡ್ವಲ್ಲ, ಇನ್ನೇನು ಕೊರಗ್ತೀರ? ಯಾವತ್ತೂ ಮುಟ್ಟದ್ದು ಹೋದ್ರೆ ಹೋಯ್ತು" ಎಂದಳು. ಮಾತು ನೂರಕ್ಕೆ ನೂರು ಸರಿ. ನಾನೂ ಹಾಗೆಯೇ ನಂಬಿದೆ.

ಮುಂದಿನ ಭಾನುವಾರ ಕೆರೆಗೆ ಹೋದೆ. ಬಿಸಿಲಿತ್ತು, ಶಾನುಭೋಗನನ್ನು ಕಟ್ಟಿದೆ. ಸ್ವಲ್ಪ ಹೊತ್ತಿಗೆ ಅನುಮಾನ ಬಂತು. ಇವತ್ತು ಮೀನಿಗೆ ಕೆಂಪು ಬೇಕಾಗಿದ್ದರೆ? ಹಿಂದೆಯೂ ಈ ಅನುಮಾನ ಬರುತ್ತಿತ್ತು. ಆಗ ಡಬ್ಬ ತೆರೆದು, ಅಮಲ್ದಾರನ ಮುಖ ನೋಡಿ, ಬೇಡ ಎಂದು ಮುಚ್ಚಿದರೆ ಅನುಮಾನ ಅಲ್ಲಿಗೇ ತೀರುತ್ತಿತ್ತು. ಈಗ ಬೇಡ ಎನ್ನಲು ಏನೂ ಇರಲಿಲ್ಲ. ಶಾನುಭೋಗನನ್ನು ಬಿಚ್ಚಿ ಕಂಬಳಿ ಕಟ್ಟಿದೆ, ಕಂಬಳಿ ಬಿಚ್ಚಿ ಶಾನುಭೋಗನನ್ನು ಕಟ್ಟಿದೆ. ದಾರ ಗಂಟುಗಂಟಾಯಿತು. ಇಷ್ಟು ವರ್ಷ ನನಗೆ ಪ್ರಿಯವಾಗಿದ್ದ ಎರಡು ನೊಣಗಳು ಒಂದೇ ವಾರದಲ್ಲಿ ಗತಿಯಿಲ್ಲದ ಎರಡು ನೊಣಗಳಾಗಿ ಕಂಡವು. ಮನೆಯಲ್ಲೂ ಅದೇ ಪಾಡು, ನಡುಮನೆಯಿಂದ ಜಗುಲಿ, ಜಗುಲಿಯಿಂದ ನಡುಮನೆ. ರಂಗಮ್ಮ ಕೊನೆಗೆ, "ಸಾಬ್ರ ಅಂಗ್ಡಿಗಾದ್ರೂ ಹೋಗ್ಬನ್ನಿ, ನೆಲ ಸವೀತೈತೆ" ಎಂದು ಅಟ್ಟಿದಳು.

ಸಾಹೇಬರಿಗೆ ನಾಚಿಕೆ ಬಿಟ್ಟು ಹೇಳಿದೆ. ಅವರು ನಗಲಿಲ್ಲ. ಮಷೀನು ನಿಲ್ಲಿಸಿ, ತಮ್ಮ ಸಿಗರೇಟು ಡಬ್ಬವನ್ನು ತಂದು, ಸೀಮೆಸುಣ್ಣದ ಗೆರೆ ಹಾಕಿದ್ದ ಕೋಟಿನ ಬಟ್ಟೆಯ ಮೇಲೆ ನೊಣಗಳನ್ನೆಲ್ಲ ಸುರಿದರು. "ಅರ್ಧ ನಿಮ್ಗೆ. ಆರಿಸ್ಕೊಳಿ" ಎಂದರು. ನಾನು ಆರಿಸುತ್ತಿದ್ದಾಗ, ಸೂಜಿಗೆ ದಾರ ಪೋಣಿಸುತ್ತ, ಯಾರಿಗೋ ಹೇಳುವವರ ಹಾಗೆ ಮಾತಾಡಿದರು.

"ದೇಶ ಎರಡಾದಾಗ ನಮ್ಮಣ್ಣ ಕರಾಚಿಗೆ ಹೋದ. ನೀನೂ ಬಾ ಅಂತ ಕರೀತಾನೇ ಇದ್ದ. ನಾನು ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ದಿನಾ ಅಂಗ್ಡಿ ಬಾಗ್ಲು ತೆಗೆಯೋವಾಗ, ಹೋಗ್ಬೌದು ಅಂದ್ಕೊಳ್ತಿದ್ದೆ. ಅಂದ್ಕೊಂಡು ಬಾಗ್ಲು ತೆಗೀತಿದ್ದೆ. ಆಮೇಲೆ ಅವ್ನು ಕರೆಯೋದು ನಿಲ್ಲಿಸ್ದ. ಅವತ್ತು ಮಾತ್ರ ಈ ಬಾಗ್ಲು ಭಾರ ಆಯ್ತು ಸಾಬ್. ಹೋಗ್ಬೇಕು ಅಂತ ಆಸೆ ಇತ್ತಾ? ಇರ್ಲಿಲ್ಲ. ಆದ್ರೂ ಭಾರ ಆಯ್ತು."

ನಾನು ಹಳದಿ ದಾರದ್ದೊಂದನ್ನು ಆರಿಸಿ ನನ್ನ ಪಾಲಿಗೆ ಸೇರಿಸಿದೆ. ಅವರು ಮತ್ತೆ ಮಷೀನು ತುಳಿಯತೊಡಗಿದರು.

ಅದಾದ ಮೇಲೆ ಅವರು ಕೊಟ್ಟ ನೊಣಗಳ ಡಬ್ಬ ಪಕ್ಕದಲ್ಲಿ ಇದ್ದದ್ದರಿಂದ ಶಾನುಭೋಗ ಮೊದಲಿನ ಹಾಗೆಯೇ ಮೀನು ತಂದ. ಸಾಹೇಬರ ಒಂದು ನೊಣವನ್ನೂ ನಾನು ನೀರಿಗೆ ಹಾಕಲಿಲ್ಲ. ಅವರಿಗೆ ಅದು ಗೊತ್ತಿತ್ತು, ಬೇಸರಪಟ್ಟುಕೊಳ್ಳಲಿಲ್ಲ.

ಅರವತ್ತರ ದಶಕ ಹುಟ್ಟಿದ ಮೇಲೆ ನನ್ನನ್ನು ಪಾವಗಡಕ್ಕೆ ಎತ್ತಿ ಹಾಕಿದರು. ಕೇಳಿ ಹಾಕಲಿಲ್ಲ, ಹಾಕಿದರು. ಅಲ್ಲಿ ಕೆರೆಗಳೆಲ್ಲ ಬಿರುಕು ಬಿಟ್ಟು ಮಲಗಿದ್ದವು. ಆಫೀಸಿನ ಜವಾನ ನನ್ನ ಗಾಳದ ಕೋಲು ನೋಡಿ, "ಇಕ್ಕಡ ನೀಳ್ಳೇ ಲೇವು ಸಾರ್, ಚೇಪ ಎಲ್ಲಿಂದ ಬತ್ತವೆ?" ಎಂದು ಅರ್ಧ ತೆಲುಗಿನಲ್ಲಿ, ನೀರೇ ಇಲ್ಲದ ಕಡೆ ಮೀನೆಲ್ಲಿಯದೆಂದು ಮರುಗಿದ. ಎರಡು ವರ್ಷ ಆ ಊರನ್ನು ಬೈದುಕೊಂಡೇ ಕಳೆದೆ. ಮನೆ ಬದಲಾಯಿಸಿದೆ, ಮಂಚದ ದಿಕ್ಕು ಬದಲಾಯಿಸಿದೆ, ಸಿರಾದ ಕಡೆ ಹೋಗುವ ಬಸ್ಸು ಕಂಡರೆ ನಿಂತು ನೋಡುತ್ತಿದ್ದೆ.

ಕೊನೆಗೊಂದು ದಿನ ಮಧುಗಿರಿಯ ಕಚೇರಿಗೆ ಬರಹೇಳಿದರು. ಹೊಸ ಅಧಿಕಾರಿ, ಒಳ್ಳೆಯ ಮನುಷ್ಯ. "ಪಾವಗಡದಲ್ಲಿ ಸಾಕಷ್ಟು ಕಷ್ಟಪಟ್ಟಿದ್ದೀರಿ. ಸಿರಾ, ಕೊರಟಗೆರೆ, ಇಲ್ಲಿ ಮಧುಗಿರಿ, ಮೂರೂ ಕಡೆ ಜಾಗ ಇದೆ. ಎಲ್ಲಿ ಬೇಕು ಹೇಳಿ" ಎಂದರು. ನನ್ನ ನೌಕರಿಯಲ್ಲಿ ಹೀಗೆ ಕೇಳಿದವರು ಅವರೊಬ್ಬರೇ. ರಂಗಮ್ಮ ವರ್ಗ ಖಂಡಿತವೆಂದು ಪಾತ್ರೆಗಳನ್ನು ಆಗಲೇ ಹಗ್ಗದಲ್ಲಿ ಕಟ್ಟಿಟ್ಟು ನನ್ನನ್ನು ಕಳಿಸಿದ್ದಳು. ನಾನು ಸಿರಾ ಎಂದು ಹೇಳಲು ಬಾಯಿ ತೆರೆದೆ. ಆಗ ಪಾವಗಡದ ಕೋಟೆಬೆಟ್ಟದ ಮೇಲೆ ಸಂಜೆ ಬಂಡೆ ಕೆಂಪಾಗುವುದು, ಆ ಜವಾನನ ಹೆಂಡತಿ ಕಳಿಸುವ ಶೇಂಗಾ ಚಟ್ನಿ, ನಮ್ಮ ಜಗುಲಿಯ ತಂಪು, ಒಂದೊಂದಾಗಿ ಕಣ್ಣ ಮುಂದೆ ಬಂದವು. ಎರಡು ವರ್ಷದಲ್ಲಿ ಒಂದು ದಿನವೂ ಇವನ್ನು ನಾನು ನೋಡಿರಲಿಲ್ಲ.

"ಪಾವಗಡದಲ್ಲೇ ಇರ್ತೀನಿ ಸಾರ್" ಎಂದೆ. ಅವರು ನನ್ನನ್ನು ಒಂದು ಸಲ ಮೇಲಿಂದ ಕೆಳಗೆ ನೋಡಿದರು.

ಮನೆಗೆ ಬಂದು ಹೇಳಿದಾಗ ರಂಗಮ್ಮ ಪಾತ್ರೆಯ ಮೂಟೆಯ ಮೇಲೆ ಕೂತಿದ್ದಳು. "ಎಲ್ಲಿಗ್ ಬೇಕಾದ್ರೂ ಹೋಗಿ ಅಂದ್ರು, ಇಲ್ಲೇ ಇರ್ತೀನಿ ಅಂದ್ರಾ?" ಎಂದಳು.

"ಹೂಂ. ಕೇಳಿದ್ರಲ್ಲ, ಅದಕ್ಕೆ."

ಅವಳು ಎದ್ದು ಹಗ್ಗದ ಗಂಟು ಬಿಚ್ಚುತ್ತ, "ಇಷ್ಟೇನಾ. ಹಂಗಾರೆ ದಿನಾ ಬೆಳಗ್ಗೆ ಎಲ್ಲಿಗ್ ಹೋಗ್ತೀರ ಅಂತ ನಾನೇ ಕೇಳ್ತೀನಿ ಬುಡಿ" ಎಂದಳು.