ಹೆಬ್ಬೆರಳಿನ ವಂಶಾವಳಿ

ನಮ್ಮ ಮನೆಯ ಯಜಮಾನ ನಾನಲ್ಲ, ನನ್ನ ಬಲಗಾಲಿನ ಹೆಬ್ಬೆರಳು. ಅದು ಕೆಂಪಗೆ ಊದಿಕೊಂಡ ದಿನ ಫ್ಯಾನಿನ ಗಾಳಿ ತಾಗಿದರೂ ಕಿರುಚುತ್ತೇನೆ. ಮದ್ದೂರಿನ ನಮ್ಮ ಬೀದಿಯವರು ಆ ಕೂಗು ಕೇಳಿಯೇ ಭಾನುವಾರ ನಮ್ಮಲ್ಲಿ ಏನು ಅಡುಗೆಯಾಗಿತ್ತೆಂದು ಹೇಳಬಲ್ಲರು. ರಕ್ತದಲ್ಲಿ ಯೂರಿಕ್ ಆಸಿಡ್ ಜಾಸ್ತಿ, ಮಟನ್ ಬಿಡಿ ಎಂದು ಮಂಡ್ಯದ ಡಾಕ್ಟರು ವರ್ಷಗಳಿಂದ ಹೇಳುತ್ತಲೇ ಇದ್ದಾರೆ. ಮಳವಳ್ಳಿಯಲ್ಲಿ, ಮಾಂಸದ ರುಚಿಗೆ ಹೆಸರಾದ ಬಂಡೂರು ಕುರಿಯ ನೆರೆಯಲ್ಲಿ ಹುಟ್ಟಿದವನಿಗೆ ಅದು ಅಷ್ಟು ಸುಲಭವೇ, ನೀವೇ ಹೇಳಿ.

ಆಗ ಕಣ್ಣಿಗೆ ಬಿದ್ದದ್ದು ಜೀನ್ ಪರೀಕ್ಷೆ. ಕೊಳವೆಯೊಳಗೆ ಎಂಜಲು ಉಗಿದು ಕಳಿಸಿದರೆ ಹಣೆಬರಹ ಓದಿ ಹೇಳುತ್ತಾರಂತೆ. ನನ್ನ ಲೆಕ್ಕಾಚಾರವೇ ಬೇರೆ: ತಪ್ಪು ಜೀನಿನದೆಂದು ಸಾಬೀತಾದರೆ ಮಟನ್ ನಿರ್ದೋಷಿ! ಉಗಿಯಲು ಕೂತರೆ ಬಾಯಿ ಒಣಗಿಹೋಯಿತು. ಹೆಂಡತಿ ಅಡುಗೆಮನೆಗೆ ಹೋಗಿ ಸಾರಿನ ಮಸಾಲೆ ಹುರಿದಳು. ಕೊಳವೆ ತುಂಬಿತು.

ವರದಿ ಬಂತು. ಯೂರಿಕ್ ಆಸಿಡನ್ನು ಹೊರಹಾಕುವುದರಲ್ಲಿ ನನ್ನ ಮೂತ್ರಪಿಂಡ ಹುಟ್ಟಾ ಸೋಮಾರಿ. ಅದು ವಂಶದಿಂದ ಬಂದದ್ದು. ಕುಂಟುತ್ತಲೇ ಖುಷಿಯಿಂದ ಡಾಕ್ಟರ ಬಳಿಗೆ ಹೋದೆ.

"ಹೊರೋನು ಸೋಮಾರಿ ಅಂತ ಗೊತ್ತಾದ್ಮೇಲೆ ಹೊರೆ ಇಳಿಸ್ಬೇಕೋ, ಏರಿಸ್ಬೇಕೋ?" ಎಂದರು ಅವರು. ಯಾವ ಮಾತ್ರೆ ನನ್ನ ಮೈಗೆ ಒಗ್ಗುತ್ತದೆಂಬುದನ್ನೂ ವರದಿ ನೋಡಿಯೇ ತೀರ್ಮಾನಿಸಿದರು. ದಿನಾ ಆ ಮಾತ್ರೆ, ಚೊಂಬುಗಟ್ಟಲೆ ನೀರು, ಅಪರೂಪಕ್ಕೆ ಎರಡು ತುಂಡು ಮಟನ್.

ವಂಶ ಎಂದ ಮೇಲೆ ಯಾರ ಕಡೆಯದು ಎಂಬ ಪ್ರಶ್ನೆ ಏಳದೆ ಇರುತ್ತದೆಯೇ? "ಇದು ನಿಮ್ಮ ಮನೆ ಕಡೆದೇ ಮಾವ..." ಎಂದು ಶುರುಮಾಡಿದ ಹೆಂಡತಿ ಅರ್ಧದಲ್ಲೇ ನಾಲಿಗೆ ಕಚ್ಚಿಕೊಂಡಳು. ಅವಳು ನನ್ನ ಅಕ್ಕನ ಮಗಳು. ನಮ್ಮಲ್ಲಿ ಅದು ರೂಢಿ. ಟಗರು ಕೊಳ್ಳುವಾಗ ಬೆನ್ನು ತಡವಿ, ಅದರ ಅಪ್ಪ ಅಮ್ಮ ಯಾರೆಂದು ವಿಚಾರಿಸುವ ನಾವು ಮದುವೆಗೆ ಮಾತ್ರ ಜಾತಕ ಕೂಡಿದರೆ ಸಾಕೆನ್ನುತ್ತೇವೆ. ಹಾಗಾಗಿ ದೂರುವುದಕ್ಕೆ ಇನ್ನೊಂದು ಕಡೆಯೇ ಇಲ್ಲದ ಸಂಸಾರ ನಮ್ಮದು.

ಸುದ್ದಿ ತಿಳಿದು ಮಳವಳ್ಳಿಯಿಂದ ಬಸ್ಸಿನಲ್ಲಿ ಬಂದಿಳಿದಳು ಅಕ್ಕ. ನನಗೆ ಅತ್ತೆಯೂ ಅವಳೇ. ಬಾಗಿಲಲ್ಲೇ ತೀರ್ಪು ಕೊಟ್ಟಳು. "ನಮ್ಮ ವಂಸದಲ್ಲಿ ಯಾರ್ಗೂ ಇಂತ ರೋಗ ಇಲ್ಲ ಕಣ್ಲಾ. ನೀನೊಬ್ಬ ಎಲ್ಲಿಂದ ತಂದ್ಯೋ!" ಎನ್ನುತ್ತ ಒಳಗೆ ಬರುವಾಗ ಗೋಡೆ ಹಿಡಿದುಕೊಂಡಳು.

"ಕಾಲ್ಗೇನಾಯ್ತವ್ವ?" ಹೆಂಡತಿ ಕೇಳಿದಳು.

"ಏನಿಲ್ಲ ಕಣಮ್ಮ, ಉಳುಕೈತೆ."

ಹೆಂಡತಿ ಸೀರೆಯಂಚು ಸರಿಸಿ ನೋಡಿದಳು. ನನ್ನದೇ ಹೆಬ್ಬೆರಳು, ಅದೇ ಕೆಂಪು. ಎಷ್ಟೋ ವರ್ಷಗಳಿಂದ ಬಾಡೂಟದ ಮರುದಿನ ಅಕ್ಕನ ಕಾಲು ಉಳುಕುತ್ತಲೇ ಇತ್ತು. ನಮ್ಮಲ್ಲಿ ಯಾರೂ ಬಗ್ಗಿ ನೋಡಿರಲಿಲ್ಲ. ನನಗೆ ನಿಜಕ್ಕೂ ಸಂಕಟವಾಯಿತು. ಮಾರನೆಯ ದಿನವೇ ಮಂಡ್ಯಕ್ಕೆ ಕರೆದೊಯ್ದೆವು. ಅವಳ ರಕ್ತದಲ್ಲಿ ಯೂರಿಕ್ ಆಸಿಡ್ ನನ್ನದಕ್ಕಿಂತ ಹೆಚ್ಚಿತ್ತು. ಅಕ್ಕ ಜಗ್ಗಲಿಲ್ಲ. "ನಾನು ಇವನ್ಗಿಂತ ದೊಡ್ಡೋಳಲ್ವಾ ಸಾ, ಜಾಸ್ತಿನೇ ಇರ್ಬೇಕು!" ಎಂದಳು ಡಾಕ್ಟರಿಗೆ.

ಅವಳಿಗೂ ಜೀನ್ ಪರೀಕ್ಷೆಯಾಯಿತು, ಮಾತ್ರೆ ಶುರುವಾಯಿತು. ಈಗ ಗೋಡೆ ಬಿಟ್ಟು ನಡೆಯುತ್ತಾಳೆ. ಮೊನ್ನೆ ಜಂಬದಿಂದ, "ನೋಡಕ್ಕ, ಎಲ್ಲಾ ನನ್ನ ಎಂಜಲಿನ ಮಹಿಮೆ" ಎಂದೆ.

"ಎಂಜ್ಲೂ ಇಲ್ಲ ಗಿಂಜ್ಲೂ ಇಲ್ಲ ಬುಡ್ಲಾ," ಎಂದಳು. "ನೀನು ನೋವು ಅಂತ ಕಿರುಚ್ಕಂಡೆ, ಎಲ್ರೂ ಓಡಿ ಬಂದ್ರು. ನಾನೂ ಕಿರುಚ್ಕಂಡು ಮನೀಕಂಡಿದ್ರೆ ಒಲೆ ಮುಂದೆ ಮುದ್ದೆ ತೊಳ್ಸೋರು ಯಾರ್ಲಾ?"

ವಂಶದ ಜೀನು ನಮ್ಮಿಬ್ಬರಿಗೂ ಪಕ್ಷಪಾತವಿಲ್ಲದೆ ಪಾಲಾಗಿತ್ತು. ನರಳುವ ಹಕ್ಕೊಂದನ್ನು ಮಾತ್ರ ಮನೆಯವರು ಗಂಡುಮಗನ ಹೆಸರಿಗೆ ಖಾತೆ ಮಾಡಿಸಿಟ್ಟಿದ್ದರು.