ಪುಂಡಿಗೆ ಇಟ್ಟ ಅಳತೆ

ಮೂಡುಬಿದಿರೆಯ ಸ್ಪರ್ಧೆಗೆ ಅತ್ತಿಗೆಯೇ ಹೋಗಬೇಕಿತ್ತು. ಹೋದದ್ದು ನಾನು. ಮನೆಯಲ್ಲಿ ಎಲ್ಲರಿಗೂ ಇಷ್ಟು ಗೊತ್ತು. ಗೊತ್ತಿಲ್ಲದ ಭಾಗವನ್ನು ಇಲ್ಲಿ ಬರೆಯುತ್ತಿದ್ದೇನೆ.

ಅಣ್ಣ ಸೌದಿಯ ದಮಾಮಿನಲ್ಲಿ ಕೆಲಸಕ್ಕಿರುವುದು. ಒಂದು ಸಲ ರಜೆಗೆ ಬರುವಾಗ ಕೈಯಲ್ಲಿ ಹಿಡಿದು ಆಡುವ ಎರಡು ಗೇಮ್ ಸೆಟ್ ತಂದ, ಒಂದು ತನಗೆ, ಒಂದು ಅತ್ತಿಗೆಗೆ. ಶುಕ್ರವಾರ ಅವನಿಗೆ ರಜೆ. ಊಟವಾದ ಮೇಲೆ ಅವನು ಅಲ್ಲಿ, ಅತ್ತಿಗೆ ಇಲ್ಲಿ ಮೇಲ್ಕಾರಿನ ನಮ್ಮ ಮನೆಯ ಚಾವಡಿಯಲ್ಲಿ ಕೂತು ಆಡುತ್ತಿದ್ದರು. ಚಿತ್ರವಿಚಿತ್ರ ಪ್ರಾಣಿಗಳನ್ನು ಹಿಡಿದು ಸಾಕುವುದು, ಆರರ ತಂಡ ಕಟ್ಟುವುದು, ಎದುರಾಳಿಯ ಆರರ ಜೊತೆ ಕಾದಾಡಿಸುವುದು, ಇಷ್ಟೇ ಆಟ. ಉಳಿದ ದಿನ ಸೆಟ್ಟು ನನ್ನ ಕೈಯಲ್ಲಿ. ನನಗಾಗ ಇಪ್ಪತ್ತೇಳು, ಬಿ.ಸಿ. ರೋಡಿನ ಒಂದು ಲ್ಯಾಬಿನಲ್ಲಿ ರಕ್ತ ಪರೀಕ್ಷೆಯ ಕೆಲಸ. ಆಡುವ ವಯಸ್ಸಲ್ಲ ಎಂದು ಅಮ್ಮ ಗೊಣಗುತ್ತಿದ್ದರು.

ನನ್ನ ತಂಡದ ಆರೂ ಹೊಡೆಯುವವೇ. ಒಂದು ಬೆಂಕಿ ಉಗುಳಿದರೆ ಇನ್ನೊಂದು ಸಿಡಿಲು ಬಡಿಯುವುದು. ಮೊದಲ ಎರಡು ನಿಮಿಷ ನನ್ನ ಅಬ್ಬರ ನೋಡಬೇಕು. ಮೂರನೆಯ ನಿಮಿಷಕ್ಕೆ ಆರೂ ಮಲಗಿರುತ್ತಿದ್ದವು. ಅತ್ತಿಗೆಯ ತವರು ಚಾರ್ಮಾಡಿ, ತುಂಬಿದ ಮನೆ. ನನ್ನ ಸೋಲುಗಳನ್ನು ವಾರಗಟ್ಟಲೆ ಸುಮ್ಮನೆ ನೋಡಿ ಒಂದು ದಿನ ಅವರು ಹೇಳಿದರು: "ಆರು ಜನವೂ ಬಡಿಸ್ಲಿಕ್ಕೇ ನಿಂತರೆ ಎಲೆ ಹಾಕುವವರು ಯಾರು ಮಾರಾಯ?"

ಅತ್ತಿಗೆ ರವಿಕೆ ಹೊಲಿಯುತ್ತಾರೆ. ಪಾಣೆಮಂಗಳೂರಿನಲ್ಲಿ ಮದುವೆ ಉಂಟೆಂದರೆ ನಮ್ಮ ಚಾವಡಿಯಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಅಳತೆ ಬರೆಯುವ ಪುಸ್ತಕದ ಹಿಂದಿನ ಹಾಳೆಗಳಲ್ಲಿ ಅವರು ತಂಡದ ಲೆಕ್ಕ ಬರೆದಿದ್ದರು. ಈ ಆಟದಲ್ಲಿ ಪ್ರತಿ ಪ್ರಾಣಿಗೂ ಇಂತಿಷ್ಟು ಅಂಕ ಎಂದು ಕೊಟ್ಟಿರುತ್ತಾರೆ. ಹೊಡೆಯುವ ಶಕ್ತಿ, ತಡೆದುಕೊಳ್ಳುವ ಶಕ್ತಿ, ವೇಗ, ಇವುಗಳಿಗೆ ಅದನ್ನು ನಾವೇ ಹಂಚಬೇಕು. ನಾನು ಕಣ್ಣು ಮುಚ್ಚಿ ಎಲ್ಲವನ್ನೂ ಹೊಡೆತಕ್ಕೆ ಸುರಿಯುತ್ತಿದ್ದೆ. ಅತ್ತಿಗೆ ಹಂಚುತ್ತಿದ್ದದ್ದು ಬಟ್ಟೆ ಕತ್ತರಿಸುವ ಕ್ರಮದಲ್ಲಿ.

"ಹೊಲಿಗೆಗೆ ಒಂದು ಬೆರಳು ಬಟ್ಟೆ ಬಿಡ್ಬೇಕು. ಕಡಿಮೆಯಾದ್ರೆ ಬಿಚ್ಚಿಹೋಗ್ತದೆ, ಹೆಚ್ಚಾದ್ರೆ ದಂಡ," ಎನ್ನುತ್ತಿದ್ದರು.

ಅವರ ತಂಡದ ಜೀವ ಒಂದು ಬಿಳಿಯ, ದುಂಡಗಿನ, ಆಮೆಯಷ್ಟೇ ನಿಧಾನದ ಪ್ರಾಣಿ. ಹಬೆಯಲ್ಲಿ ಬೇಯಿಸಿದ ಅಕ್ಕಿಯ ಉಂಡೆಯಂತೆ ಕಾಣುತ್ತದೆಂದು ಅದಕ್ಕೆ ಪುಂಡಿ ಎಂದು ಹೆಸರಿಟ್ಟಿದ್ದರು. ಪುಂಡಿ ಯಾರಿಗೂ ಹೊಡೆಯುವುದಿಲ್ಲ. ಮುಂದೆ ನಿಂತು ಉಳಿದವರ ಪಾಲಿನ ಪೆಟ್ಟು ತಾನು ತಿನ್ನುತ್ತದೆ, ನಡುವೆ ಅವರ ಗಾಯ ವಾಸಿ ಮಾಡುತ್ತದೆ. ಸ್ಪರ್ಧೆಗಳಲ್ಲಿ ಎದುರಾಗಬಹುದಾದ ಅತಿ ಜೋರಿನ ಪೆಟ್ಟು ಯಾವುದೆಂದು ಅತ್ತಿಗೆ ಹುಡುಕಿ, ಅದು ಬಿದ್ದ ಮೇಲೂ ಪುಂಡಿಯಲ್ಲಿ ಒಂದು ಬೆರಳಿನಷ್ಟು ಜೀವ ಉಳಿಯುವಂತೆ ಅಳತೆ ಮಾಡಿದ್ದರು. ಅದಕ್ಕಿಂತ ಒಂದು ಅಂಕವನ್ನೂ ಹೆಚ್ಚು ಇಟ್ಟಿರಲಿಲ್ಲ.

ಮೂಡುಬಿದಿರೆಯ ಸಭಾಂಗಣವೊಂದರಲ್ಲಿ ಸ್ಪರ್ಧೆ ಎಂದು ಸುದ್ದಿ ಬಂದಾಗ ಅಣ್ಣ ಫೋನಿನಲ್ಲೇ ಅತ್ತಿಗೆಗೆ ಹೋಗು ಹೋಗು ಎಂದ. ಅವರ ಮುಖ ಅರಳಿದ್ದನ್ನು ನಾನು ಕಂಡೆ. ಕಂಡೂ ಹೇಳಿದೆ: "ಅಲ್ಲಿ ಬರೀ ಹುಡುಗರೇ ಇರ್ತಾರೆ ಅತ್ತಿಗೆ. ನಿಮಗೆ ಬೇಜಾರಾಗ್ತದೆ."

ಹಾಗೆಂದು ನನಗೆ ಯಾರೂ ಹೇಳಿರಲಿಲ್ಲ. ನನಗೆ ಹೋಗಬೇಕಿತ್ತು, ಅಷ್ಟೇ. ಅತ್ತಿಗೆ ಕತ್ತರಿಯನ್ನು ಸ್ವಲ್ಪ ಹೊತ್ತು ಕೈಯಲ್ಲೇ ಹಿಡಿದಿದ್ದು, "ಹಾಗಾದ್ರೆ ನೀನೇ ಹೋಗು. ನನ್ನ ತಂಡ ತಕೊಂಡು ಹೋಗು," ಎಂದರು.

ತಂಡದ ವಿವರವನ್ನು ಹಿಂದಿನ ದಿನ ಸಂಜೆಯೊಳಗೆ ಸ್ಪರ್ಧೆ ನಡೆಸುವವರಿಗೆ ಕಳುಹಿಸಬೇಕಿತ್ತು. ಕಳುಹಿಸುವ ಮುಂಚೆ ಪುಂಡಿಯನ್ನು ನೋಡಿ ನನಗೆ ಒಂಥರಾ ಮುಜುಗರವಾಯಿತು. ಅಷ್ಟು ಜನರೆದುರು ಬರೀ ಪೆಟ್ಟು ತಿನ್ನುವ ಪ್ರಾಣಿ! ತಡೆದುಕೊಳ್ಳುವ ಶಕ್ತಿಯಿಂದ ಹತ್ತು ಅಂಕ ತೆಗೆದು ಹೊಡೆತಕ್ಕೆ ಹಾಕಿದೆ. ಆ ತಂಡದಲ್ಲಿ ನನ್ನದೂ ಏನಾದರೂ ಇರಲಿ ಎನ್ನುವ ಕೊಬ್ಬು ಅದು, ಬೇರೇನಲ್ಲ.

ಸಭಾಂಗಣದಲ್ಲಿ ಹುಡುಗಿಯರು ಬೇಕಾದಷ್ಟು ಜನ ಇದ್ದರು. ಒಬ್ಬರು ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ಆಡುತ್ತಿದ್ದರು. ನಾನು ಅವರ ಕಡೆ ನೋಡದೆ ಕೂತೆ. ಅತ್ತಿಗೆಯ ತಂಡ ಒಂದೊಂದೇ ಸುತ್ತು ದಾಟಿತು. ಸೆಮಿಫೈನಲಿಗೆ ಮುಂಚೆ ಮೈಕ್ ಹಿಡಿದವನು ಬಂದು, ಇಷ್ಟು ಚಂದದ ಹೊಂದಾಣಿಕೆಯ ತಂಡ ಕಟ್ಟಿದ್ದು ಯಾರು ಎಂದು ಕೇಳಿದ. ಎಲ್ಲವೂ ಫೋನಿನಲ್ಲಿ ನೇರ ಪ್ರಸಾರವಾಗುತ್ತಿತ್ತು. ಮನೆಯಲ್ಲಿ ಅಮ್ಮ, ಅತ್ತಿಗೆ ನೋಡುತ್ತಿದ್ದಾರೆಂದು ನನಗೆ ಗೊತ್ತಿತ್ತು.

"ನಾನೇ," ಎಂದೆ.

ಮುಂದಿನ ಆಟದಲ್ಲಿ ಅದೇ ಪೆಟ್ಟು ಬಂತು, ಅತ್ತಿಗೆ ಯಾವುದಕ್ಕೆ ಅಳತೆ ಮಾಡಿದ್ದರೋ ಅದೇ. ಪುಂಡಿ ಬಿತ್ತು. ಮುಂದೆ ನಿಲ್ಲುವವರಿಲ್ಲದೆ ಹಿಂದಿನವು ಒಂದರ ಮೇಲೊಂದು ಬಿದ್ದವು. ನನ್ನ ಹತ್ತು ಅಂಕದ ಹೊಡೆತವನ್ನು ಬಳಸುವ ಅವಕಾಶವೇ ಬರಲಿಲ್ಲ.

ಆಮೇಲೆ ಮಾಡಿದ್ದಕ್ಕೆ ಕೊಬ್ಬು ಎಂಬ ನೆಪವೂ ಇಲ್ಲ. ಸಿದ್ಧಕಟ್ಟೆ ದಾರಿಯ ಬಸ್ಸಿನಲ್ಲಿ ಕಿಟಕಿಯ ಬದಿ ಕೂತು ಸೆಟ್ಟು ತೆರೆದೆ. ಹತ್ತು ಅಂಕವನ್ನು ಹೊಡೆತದಿಂದ ತೆಗೆದು ಮೊದಲಿದ್ದಲ್ಲಿಗೇ ಹಾಕಿದೆ. ಬಂಟ್ವಾಳ ಬರುವಷ್ಟರಲ್ಲಿ ಎಲ್ಲವೂ ಅತ್ತಿಗೆ ಬರೆದಿಟ್ಟ ಹಾಗೇ ಇತ್ತು.

ನಾನು ಮೈಕಿನಲ್ಲಿ "ನಾನೇ" ಎಂದದ್ದರ ಸುದ್ದಿಯನ್ನು ಮನೆಯಲ್ಲಿ ಅತ್ತಿಗೆ ಎತ್ತಲಿಲ್ಲ. ಚಹಾ ಕೊಟ್ಟು ಕೇಳಿದ್ದು ಒಂದೇ: "ಪುಂಡಿ ಆ ಪೆಟ್ಟಿಗೆ ಬೀಳ್ಬಾರ್ದಿತ್ತು. ನೀನೇನಾದ್ರೂ ಬದಲು ಮಾಡಿದ್ದೀಯ?"

"ಇಲ್ಲ ಅತ್ತಿಗೆ. ನೀವು ಇಟ್ಟ ಹಾಗೇ ಉಂಟು. ನೋಡಿ ಬೇಕಾದ್ರೆ."

ಅವರು ನೋಡಿದರು. ಪುಸ್ತಕ ತಂದು ಹೋಲಿಸಿದರು. ಮೂರು ದಿನ ರವಿಕೆಯ ಬಟ್ಟೆಗಳನ್ನು ಬದಿಗೆ ಸರಿಸಿ, ಪೆನ್ಸಿಲು ಹಿಡಿದು ಮೊದಲಿನಿಂದ ಲೆಕ್ಕ ಹಾಕಿದರು. ಎಲ್ಲಿ ತಪ್ಪಿತೆಂದು ಸಿಗಲಿಲ್ಲ, ತಪ್ಪಿದ್ದರಲ್ಲವೇ ಸಿಗುವುದು. ನಾನು ಅದೇ ಚಾವಡಿಯಲ್ಲಿ ಪೇಪರ್ ಓದುವವನಂತೆ ಕೂತಿದ್ದೆ. ಬಾಯಿ ಬಿಟ್ಟರೆ ಮುಗಿಯುತ್ತಿತ್ತು. ನಾಚಿಕೆಯಿಂದ ಬಿಡಲಿಲ್ಲ. ಬಿಡಲಿಲ್ಲವೆಂದು ಇನ್ನಷ್ಟು ನಾಚಿಕೆಯಾಯಿತು.

ಆ ಪೆಟ್ಟು ಕೊಡುವ ಪ್ರಾಣಿ ಲ್ಯಾಬಿನ ಗೆಳೆಯನೊಬ್ಬನ ಹತ್ತಿರ ಇತ್ತು. ಒಂದು ಮಧ್ಯಾಹ್ನ ಬುತ್ತಿ ತಿಂದ ಮೇಲೆ ಅವನಿಂದ ಪುಂಡಿಗೆ ಹೊಡೆಸಿದೆ. ಜೀವದ ಪಟ್ಟಿ ಸರಸರ ಇಳಿದು ಕೊನೆಯಲ್ಲಿ ಕೆಂಪಗೆ ಒಂಚೂರು ಉಳಿದು ನಿಂತಿತು. ಒಂದು ಬೆರಳು ಬಟ್ಟೆ. ಗೆಳೆಯ ಹುಬ್ಬೇರಿಸಿದ. ನಾನು ಸೆಟ್ಟು ಮುಚ್ಚಿ ಕೈ ತೊಳೆಯಲು ಹೋದೆ.

ಈ ವರ್ಷ ಮೂಡುಬಿದಿರೆಯಲ್ಲಿ ಮತ್ತೆ ಸ್ಪರ್ಧೆ ಉಂಟು. ಶುಕ್ರವಾರ ಅಣ್ಣ ಫೋನಿನಲ್ಲಿ, ಈ ಸಲ ನೀನೇ ಹೋಗಲೇಬೇಕು ಎಂದು ಅತ್ತಿಗೆಗೆ ಹೇಳಿದ. ಅಲ್ಲಿ ಹುಡುಗಿಯರೂ ಬರ್ತಾರೆ ಎಂದು ಈ ಬಾರಿ ನಾನೂ ಬಾಯಿ ಹಾಕಿದೆ. ಅತ್ತಿಗೆ ನಕ್ಕರು.

"ಬೇಡ, ನನ್ನ ಲೆಕ್ಕದ ಮೇಲೆ ನನಗೆ ಧೈರ್ಯ ಇಲ್ಲ. ಅವನೇ ಹೋಗ್ಲಿ," ಎಂದವರು ನನ್ನ ಕಡೆ ತಿರುಗಿದರು. "ಪುಂಡಿಗೆ ಈ ಸಲ ಸ್ವಲ್ಪ ಜಾಸ್ತಿ ಇಡು ಆಯ್ತಾ. ಹೋದ ಸಲ ನನ್ನಿಂದ ನಿನ್ನ ಆಟ ಹಾಳಾಯ್ತು."

ಆಯ್ತು ಅತ್ತಿಗೆ ಎಂದೆ.