ನಮ್ಮ ಹಾಲ್‌ನ ರೂಟರ್ ಮೇಲೆ ದಾಳಿ ಮಾಡಿದವರು

ಸ್ನೇಹಿತರೇ, ನಾನು ಮ್ಯಾನೇಜರ್ ಆಗಿರುವ ಬನ್ನಂಜೆಯ ಮದುವೆ ಹಾಲ್‌ನಲ್ಲಿ ಇವತ್ತು ನಿಶ್ಚಿತಾರ್ಥ ಇತ್ತು. ಹುಡುಗನ ಅಣ್ಣ ದುಬೈಯಿಂದ ವಿಡಿಯೊದಲ್ಲಿ ನೋಡಬೇಕಿತ್ತು. ಹಾಲ್‌ನ ವೈಫೈ ಆನ್ ಮಾಡಲು ಮಣಿಪಾಲದಲ್ಲಿ ಕೂತ ಎಂಜಿನಿಯರ್ ಪ್ರಶಾಂತರಿಗೆ ನಮ್ಮ ರೂಟರ್‌ಗೆ ಲಾಗಿನ್ ಆಗಲಿಕ್ಕೇ ಆಗುತ್ತಿರಲಿಲ್ಲ.

"ಮೊನ್ನೆ ಹೇಳಿದೆನಲ್ಲ, ರೂಟರ್ ಮೇಲೆ ದಾಳಿಗೆ ದಾರಿ ಕೊಡುವ ದೋಷ, ಅದೇ," ಎಂದರು ಫೋನಿನಲ್ಲಿ. "ಯಾರೋ ಲಾಗಿನ್ ತೆರೆದು ಪಾಸ್‌ವರ್ಡ್ ಹಾಕದೆ ಸುಮ್ಮನೆ ನಿಂತಿದ್ದಾರೆ. ಈ ರೂಟರ್ ಅಂಥವರನ್ನು ಹೊರಗೆ ಹಾಕುವುದಿಲ್ಲ. ಅಂಥ ನಾಲ್ಕೈದು ಲಾಗಿನ್ ಆದರೆ ನನಗೇ ಒಳಗೆ ಜಾಗ ಇಲ್ಲ."

ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟ ನನಗೆ ಮೊನ್ನೆ ಅರ್ಥವಾದದ್ದು ಇಷ್ಟೇ, ಯಾರೋ ರೂಟರಿನ ಒಳಗೆ ಬರಬಹುದು, ನೋಡುತ್ತಿರಬೇಕು. ಹಾಗಾಗಿ ಬೆಳಿಗ್ಗೆಯಿಂದ ಆಫೀಸಿನ ಕಂಪ್ಯೂಟರಿನಲ್ಲಿ ರೂಟರಿನ ಲಾಗಿನ್ ತೆರೆದು ತೆರೆದು ನೋಡುತ್ತಿದ್ದೆ.

"ಸರ್, ಇನ್ನೊಮ್ಮೆ ತೆರೆದು ನೋಡಲಾ?"

ಪ್ರಶಾಂತರು ತಕ್ಷಣ ಕೇಳಿದರು:

"ಇನ್ನೊಮ್ಮೆ ಅಂದರೆ ಎಂತ ಮಾರಾಯ್ರೆ? ಮೊದಲು ತೆರೆದದ್ದನ್ನು ಮುಚ್ಚಿದ್ದೀರಲ್ವಾ?"

ಇಲ್ಲ. ಮುಚ್ಚಿದರೆ ಎಂತಾದರೂ ಹಾಳಾದೀತು ಎಂದು ಹೆದರಿ ಎಲ್ಲವನ್ನೂ ಹಾಗೇ ಇಟ್ಟಿದ್ದೆ.

"ದಾಳಿ ಮಾಡಿದ್ದು ನೀವೇ. ಎಲ್ಲ ಮುಚ್ಚಿ, ನಾನು ಒಳಗೆ ಹೋಗಬೇಕು."

ಒಂದೊಂದಾಗಿ ಮುಚ್ಚಿದೆ. ವೈಫೈ ಬಂತು. ಅಣ್ಣ ಪರದೆಯಲ್ಲಿ ಕಾಣಿಸಿಕೊಂಡು ಉಂಗುರ ಹಾಕುವುದನ್ನು ನೋಡಿದರು. "ಅಲ್ಲಿ ನೆಟ್ ಭಾರೀ ಒಳ್ಳೆದುಂಟು" ಎಂದು ಹೊಗಳಿದರು ಬೇರೆ.

ಈಗ ಮನೆಗೆ ಬಂದಿದ್ದೇನೆ. ಎಲ್ಲವನ್ನೂ ಸರಿಯಾಗಿ ಮುಚ್ಚಿದೆನಾ ಎಂದು ಹಾಲ್‌ಗೆ ಹೋಗಿ ಒಮ್ಮೆ ಲಾಗಿನ್ ತೆರೆದು ನೋಡಿ ಬರೋಣ ಅನಿಸುತ್ತಿದೆ.